ಮಾಯದ ಗಾಯ, ಏಳು ತಿಂಗಳ ಟ್ಯೂಬು

ಮೊದಲೇ ಹೇಳಿಬಿಡುತ್ತೇನೆ. ಈ ಪ್ರಕರಣದಲ್ಲಿ ತಪ್ಪು ಮಾಡಿದವರ ಸಾಲಿನಲ್ಲಿ ನಾನೂ ಇದ್ದೇನೆ.

ಶಿವಮೊಗ್ಗದಲ್ಲಿ ನಂದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿರುವ ದೊಡ್ಡಪ್ಪನ ಕಾಲಿನ ಗಾಯಕ್ಕೆ ಏಳು ತಿಂಗಳು ಮುಲಾಮು, ಮಾತ್ರೆ, ಗಾಜ್ ಬಟ್ಟೆ ಕಳಿಸಿದವನು ನಾನೇ. ದೊಡ್ಡಮ್ಮ ಫೋನ್ ಮಾಡುತ್ತಿದ್ದರು, ನಾನು ಎಲ್ಲಾ ಒಂದು ಕವರಿಗೆ ಹಾಕಿ ಊರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ, ಸಂಜೆ ಹೊತ್ತಿಗೆ ಅದು ಅವರ ಮನೆ ತಿರುವಿನಲ್ಲಿ ಇಳಿಯುತ್ತಿತ್ತು. ಅಷ್ಟೂ ತಿಂಗಳಲ್ಲಿ ಒಂದು ಸಲವೂ ಆ ಕಾಲನ್ನು ನಾನು ಕಣ್ಣಾರೆ ನೋಡಿರಲಿಲ್ಲ.

ಅದು ಚರ್ಮದ ಕ್ಯಾನ್ಸರ್ ಆಗಿತ್ತು.

ದೊಡ್ಡಪ್ಪ ಈಗ ಚೆನ್ನಾಗಿದ್ದಾರೆ, ಹಾಗಾಗಿ ಉಸಿರು ಬಿಗಿಹಿಡಿದು ಓದಬೇಕಾಗಿಲ್ಲ. "ಬರಿ ಮಾರಾಯ, ಹೆಸರು ಮಾತ್ರ ಹಾಕ್ಬೇಡ" ಅಂದಿದ್ದಾರೆ. ಬರೆಯುತ್ತಿದ್ದೇನೆ.

1988ರ ಹಂಡೆ

ಅಡಿಕೆ ಬೇಯಿಸುವ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಹಸಿ ಅಡಿಕೆ ಸುಲಿದು ದೊಡ್ಡ ಹಂಡೆಯಲ್ಲಿ ಚೊಗರು ಸೇರಿಸಿ ಬೇಯಿಸುತ್ತಾರೆ. ಚೊಗರು ಅಂದರೆ ಹಿಂದೆ ಅಡಿಕೆ ಬೇಯಿಸಿದಾಗ ಉಳಿದ ಕೆಂಪು ನೀರು. ಮಂದ ಇರುತ್ತದೆ. ಬರೀ ಬಿಸಿನೀರು ಬಿದ್ದರೆ ಜಾರಿ ಹೋಗುತ್ತದೆ, ಚೊಗರು ಹಾಗಲ್ಲ, ಮೈಗೆ ಹಿಡಿದುಕೊಂಡು ಕೂರುತ್ತದೆ.

1988ರ ಡಿಸೆಂಬರ್. ದೊಡ್ಡಪ್ಪನಿಗೆ ಆಗ 26 ವರ್ಷ. ರಾತ್ರಿ ಕೊನೇ ಹಂಡೆ. ಒಂದು ಬದಿ ಇವರು, ಇನ್ನೊಂದು ಬದಿ ತೋಟದ ಕೆಲಸಕ್ಕೆ ಬರುತ್ತಿದ್ದ ಇವರದೇ ವಯಸ್ಸಿನವರು ಒಬ್ಬರು. ಹಂಡೆ ವಾಲಿಸುವಾಗ ಒತ್ತು ಕೊಟ್ಟಿದ್ದ ಕಲ್ಲು ಜಾರಿತು. ದೊಡ್ಡಪ್ಪನ ಬಲಗಾಲು ಮೊಣಕಾಲಿನ ಕೆಳಗಿಂದ ಪಾದದ ಗಂಟಿನವರೆಗೆ ಬೆಂದುಹೋಯಿತು. ಇನ್ನೊಬ್ಬರಿಗೆ ಎಡ ಮುಂಗೈ.

ಮನೆಯಲ್ಲಿದ್ದವರು ಕೈಗೆ ಸಿಕ್ಕಿದ್ದನ್ನೆಲ್ಲ ಹಚ್ಚಿದರು. ಮೊದಲು ಇಂಕು, ಆಮೇಲೆ ಜೇನುತುಪ್ಪ, ಮಾರನೇ ದಿನ ಸುಣ್ಣದ ತಿಳಿನೀರು ತೆಂಗಿನೆಣ್ಣೆ ಕಲಸಿದ್ದು. ಮೂರನೇ ದಿನ ಪೇಟೆ ಆಸ್ಪತ್ರೆ. ಅಲ್ಲಿ ಎರಡು ವಾರ ಡ್ರೆಸಿಂಗ್ ಮಾಡಿ ಮನೆಗೆ ಕಳಿಸಿದರು. ತೊಡೆಯ ಚರ್ಮ ತೆಗೆದು ಹಾಕುವ ಮಾತು ಯಾರೂ ಎತ್ತಲಿಲ್ಲ, ಆ ಕಾಲದಲ್ಲಿ ನಮ್ಮ ಕಡೆ ಯಾರಿಗೆ ಗೊತ್ತಿತ್ತು? ಗಾಯ ಪೂರ್ತಿ ಮಾಯುವಾಗ ಯುಗಾದಿ ಕಳೆದು ಮುಂಗಾರು ಮೋಡ ಕಟ್ಟುತ್ತಿತ್ತು. ಹತ್ತಿರ ಹತ್ತಿರ ಐದು ತಿಂಗಳು.

ಈ ಐದು ತಿಂಗಳು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಚರ್ಮದ ಡಾಕ್ಟರ್ ಕೇಳಿದ ಮೂರೇ ಪ್ರಶ್ನೆಗಳಲ್ಲಿ ಅದೂ ಒಂದು.

ಆಮೇಲೆ ಉಳಿದದ್ದು ಕಲೆ. ನಾನು ಚಿಕ್ಕವನಿದ್ದಾಗಿಂದ ನೋಡಿದ ಕಲೆ ಅದು. ಪ್ಲಾಸ್ಟಿಕ್ ಹಾಳೆ ಬಿಸಿಗೆ ಮುದುಡಿದ ಹಾಗೆ ಹೊಳೆಯುತ್ತಿತ್ತು, ಒಂದು ಕೂದಲಿಲ್ಲ, ಬೆವರಿಲ್ಲ, ಚಳಿಗಾಲ ಬಂತೆಂದರೆ ಬಿಗಿದು ಬಿರುಕು ಬಿಡುತ್ತಿತ್ತು. ದೊಡ್ಡಪ್ಪ ಕೂತಲ್ಲೆಲ್ಲ ಅದನ್ನು ಕೆರೆಯುತ್ತಿದ್ದರು. ವರ್ಷಕ್ಕೆ ಒಂದೆರಡು ಸಲ ಸಣ್ಣಗೆ ಒಡೆಯುವುದು, ಹಕ್ಕಳೆ ಕಟ್ಟುವುದು, ಉದುರುವುದು. ಮೂವತ್ತು ವರ್ಷ ಹೀಗೇ ನಡೆಯಿತು. ಯಾರಿಗೂ ಅದು ರೋಗ ಅನ್ನಿಸಿರಲಿಲ್ಲ. ದೊಡ್ಡಪ್ಪನ ಕಾಲು ಅಂದರೆ ಹಾಗೇ ಇರುವುದು, ಅಷ್ಟೇ.

ಆಷಾಢದಲ್ಲಿ ಒಡೆದದ್ದು

2022ರ ಜುಲೈ. ಮಳೆ ಹಿಡಿದಿತ್ತು. ಮಧ್ಯೆ ಎರಡು ದಿನ ಹೊಳವಾಯಿತೆಂದು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಲು ತೋಟಕ್ಕೆ ಇಳಿದಿದ್ದಾರೆ. ಗಂಬೂಟಿನ ಬಾಯಿ ಸರಿಯಾಗಿ ಕಲೆಯ ಮೇಲೆ ಉಜ್ಜುತ್ತಿತ್ತು. ಸಂಜೆ ಬೂಟು ಬಿಚ್ಚಿದರೆ ಒಂದು ಉಂಬಳ (ಜಿಗಣೆ) ಬೇರೆ ಕಚ್ಚಿಕೊಂಡಿತ್ತು. ಅದರ ಪಕ್ಕದಲ್ಲೇ ಕಡಲೆಕಾಳಿನಷ್ಟು ಹುಣ್ಣು.

ಇಲ್ಲಿಂದ ಮುಂದೆ ಎಲ್ಲರ ಹತ್ತಿರವೂ ಒಂದೊಂದು ಕಾರಣ ಇತ್ತು. ದೊಡ್ಡಮ್ಮ ಉಂಬಳ ಅಂದರು. ಪಕ್ಕದ ಮನೆಯವರು ಔಷಧಿಯಲ್ಲಿನ ಮೈಲುತುತ್ತ ಸಿಡಿದದ್ದು ಅಂದರು. ಅತ್ತಿಗೆ ಶುಗರ್ ಇರಬೇಕು ಅಂದರು. ಶುಗರ್ ನೋಡಿಸಿದರೆ ನಾರ್ಮಲ್, ಅದರಿಂದ ಎಲ್ಲರಿಗೂ ಸಮಾಧಾನವಾಯಿತು. ತೊಂದರೆ ಆದದ್ದು ಅಲ್ಲೇ ಅಂತ ಈಗ ಅನ್ನಿಸುತ್ತದೆ. ಶುಗರ್ ಇಲ್ಲ ಅಂದಮೇಲೆ ಹುಣ್ಣು ತಾನಾಗಿ ಮಾಯಲೇಬೇಕು ಅಂತ ಎಲ್ಲರೂ ತೀರ್ಮಾನ ಮಾಡಿಕೊಂಡರು.

ನಾನು ಕಳಿಸಿದ ಮೊದಲ ಟ್ಯೂಬಿನಲ್ಲಿ ಮೂರು ಔಷಧಿ ಕಲಸಿತ್ತು, ಅದರಲ್ಲಿ ಒಂದು ಸ್ಟೀರಾಯ್ಡ್. ಚೀಟಿ ಇಲ್ಲದೆ ಕೊಡಬಾರದ್ದು. ಕೊಟ್ಟೆ. ಮನೆಯವರು ಅಲ್ವಾ. ಸ್ಟೀರಾಯ್ಡ್ ಹಚ್ಚಿದರೆ ಕಡಿತ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ, ಸುಧಾರಿಸಿತು ಅನ್ನಿಸುತ್ತದೆ. ಒಳಗೆ ನಡೆಯುವುದು ನಡೆಯುತ್ತಲೇ ಇರುತ್ತದೆ. "ನಿನ್ನ ಟ್ಯೂಬು ಭಾರಿ ಒಳ್ಳೇದು, ಕೆರೆತ ನಿಂತೇ ಹೋಯ್ತು" ಅಂತ ದೊಡ್ಡಪ್ಪ ಫೋನಿನಲ್ಲಿ ಹೇಳಿದಾಗ ಹೆಮ್ಮೆಪಟ್ಟವನು ನಾನು.

ನವೆಂಬರ್‌ನಲ್ಲಿ ಒಂದು ನರ್ಸಿಂಗ್ ಹೋಮ್‌ಗೂ ಹೋಗಿ ಬಂದರು. ಅಲ್ಲಿ ಹತ್ತು ದಿನದ ಆಂಟಿಬಯಾಟಿಕ್ ಕೊಟ್ಟರು, ರಕ್ತ ಸರಿಯಾಗಿ ಓಡದೆ ಆದ ಹುಣ್ಣು ಅಂದರು, ಬಿಗಿ ಸಾಕ್ಸ್ ಹಾಕಿಸಿದರು. ಸುಟ್ಟ ಕಲೆಯ ವಿಷಯ ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಅಡಿಕೆ ಕೊಯ್ಲಿನ ಸಮಯ ಬೇರೆ, ಇವರಿಗೂ ಬೇಗ ಮನೆ ಸೇರಿದರೆ ಸಾಕಿತ್ತು.

ನಾನು ಕಾಲು ನೋಡಿದ್ದು

ಫೆಬ್ರವರಿಯಲ್ಲಿ ಊರಲ್ಲಿ ಒಂದು ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ದೊಡ್ಡಪ್ಪನ ಪಕ್ಕ ಕೂತೆ. ವಾಸನೆ ಬಂತು. ಮೊದಲು ಗೊತ್ತಾಗಲಿಲ್ಲ, ಎಲ್ಲೋ ಚರಂಡಿ ಅಂದುಕೊಂಡೆ. ಆಮೇಲೆ ನೋಡಿದರೆ ದೊಡ್ಡಪ್ಪ ಪಂಚೆಯನ್ನು ಕಾಲಿನ ಮೇಲೆ ಎಳೆದೆಳೆದು ಮುಚ್ಚಿಕೊಳ್ಳುತ್ತಿದ್ದಾರೆ. ಯಾವತ್ತೂ ಪಂಕ್ತಿಯ ನಡುವೆ ಕೂರುವ ಮನುಷ್ಯ ಅವತ್ತು ಕೊನೆಗೆ ಗೋಡೆ ಪಕ್ಕ ಕೂತಿದ್ದರು.

ಊಟ ಆದಮೇಲೆ ಹಿತ್ತಿಲ ಬಚ್ಚಲಮನೆ ಕಟ್ಟೆ ಮೇಲೆ ಕೂರಿಸಿ ಬ್ಯಾಂಡೇಜ್ ಬಿಚ್ಚಿದೆ. ಕೊನೆಯ ಸುತ್ತು ಅಂಟಿಕೊಂಡಿತ್ತು, ನೀರು ಹನಿಸಿ ಬಿಡಿಸಬೇಕಾಯಿತು. ಹುಣ್ಣು ಈಗ ಅಂಗೈಯ ಅರ್ಧದಷ್ಟಿತ್ತು. ನನ್ನ ಕಣ್ಣು ಹೋದದ್ದು ಅಂಚಿನ ಕಡೆ. ಸಾಧಾರಣ ಹುಣ್ಣು ಮಾಯುವಾಗ ಅಂಚು ಇಳಿಜಾರಾಗಿ ಒಳಗೆ ಬರುತ್ತದೆ, ಹೊಸ ಚರ್ಮದ ತೆಳು ನೀಲಿ ಗೆರೆ ಕಾಣುತ್ತದೆ. ಇದರ ಅಂಚು ದಪ್ಪ. ಬಟ್ಟಲಿನ ಕಂಠದ ಹಾಗೆ ಮೇಲೆದ್ದು ಹೊರಕ್ಕೆ ಮಗುಚಿಕೊಂಡಿತ್ತು. ಮುಟ್ಟಿದರೆ ಗಟ್ಟಿ. ನಡುವೆ ಒಂದು ಕಡೆ ಹೂಕೋಸಿನ ಹಾಗೆ ಗಂಟುಗಂಟಾಗಿ ಬೆಳೆದಿತ್ತು, ಒದ್ದೆ ಗಾಜ್ ತಾಗಿಸಿದ್ದಕ್ಕೇ ರಕ್ತ ಬಂತು.

"ನೋಯುತ್ತಾ ದೊಡ್ಡಪ್ಪ?"

"ನೋವು ಎಂಥದೂ ಇಲ್ಲ ಮಾರಾಯ. ನೋವಿದ್ದಿದ್ರೆ ಯಾವತ್ತೋ ಬರ್ತಿದ್ದೆ."

ನಾನು ಡಾಕ್ಟರ್ ಅಲ್ಲ. ಆದರೂ ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯಿತು. ಮಾರನೇ ದಿನ ಬೆಳಗ್ಗೆ ಮೊದಲ ಬಸ್ಸಿಗೇ ಅವರನ್ನು ಶಿವಮೊಗ್ಗಕ್ಕೆ ಹೊರಡಿಸಿದೆ.

ಚರ್ಮದ ಡಾಕ್ಟರ್ ಐದು ನಿಮಿಷ ಬರೀ ನೋಡಿದರು. ಆಮೇಲೆ ಕೇಳಿದ್ದು ಮೂರೇ ಪ್ರಶ್ನೆ. "ಗೌಡ್ರೇ, ಸುಟ್ಟದ್ದು ಯಾವ ವರ್ಷ? ಮಾಯೋಕೆ ಎಷ್ಟು ತಿಂಗಳು ಹಿಡೀತು? ಆಮೇಲೆ ಎಷ್ಟು ಸಲ ಒಡೆದಿದೆ?" ನಂತರ ತೊಡೆಸಂದು ಒತ್ತಿ ನೋಡಿದರು. ಅಲ್ಲೊಂದು ಗಂಟು ಸಿಕ್ಕಿತು. "ಇದು ಕೀವಿನಿಂದಲೂ ಊದಿರಬಹುದು, ಈಗಲೇ ಹೆದರಬೇಡಿ. ಆದರೆ ಹುಣ್ಣಿನ ಅಂಚಿಂದ ತುಂಡು ತೆಗೆದು ಬಯಾಪ್ಸಿಗೆ ಕಳಿಸಲೇಬೇಕು."

ಬಯಾಪ್ಸಿ ಅಂದಕೂಡಲೇ ಮನೆಯಲ್ಲಿ ಸಭೆ. ಕತ್ತಿ ತಾಗಿಸಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಮಾತನ್ನು ನಮ್ಮ ಕಡೆ ಓದಿದವರೂ ನಂಬುತ್ತಾರೆ. ಒಬ್ಬ ಮಾವ ಅಂತೂ ಫೋನ್ ಮಾಡಿ ನಾಟಿ ಔಷಧಿಯ ವಿಳಾಸವನ್ನೇ ಕೊಟ್ಟರು. ನಾನು ಡಾಕ್ಟರನ್ನೇ ಕೇಳಿದೆ. ಅವರು ಹೇಳಿದ್ದು ಸರಳವಾಗಿತ್ತು: ಚರ್ಮದ ಹುಣ್ಣಿನಿಂದ ತುಂಡು ತೆಗೆಯುವುದರಿಂದ ಹರಡುವುದಿಲ್ಲ, ತೆಗೆಯದೆ ತಿಂಗಳುಗಟ್ಟಲೆ ಬಿಟ್ಟರೆ ಹರಡುತ್ತದೆ, ತುಂಡು ತೆಗೆದ ಮೇಲೆ ಕೆಟ್ಟದಾಯಿತು ಅಂತ ಜನ ಹೇಳುವುದು ಅಷ್ಟರಲ್ಲಾಗಲೇ ತಡವಾಗಿ ಬಂದವರನ್ನು ನೋಡಿ. ಒಂದೇ ಕಡೆಯಿಂದಲ್ಲ, ಅಂಚಿನ ನಾಲ್ಕು ಕಡೆಯಿಂದ ತೆಗೆದರು. ಇಂಥ ಹುಣ್ಣಿನಲ್ಲಿ ಒಂದು ಭಾಗ ಕ್ಯಾನ್ಸರ್ ಆಗಿ ಪಕ್ಕದ್ದು ಬರೀ ಹುಣ್ಣಾಗಿರಬಹುದು, ನಡುವಿನ ಸತ್ತ ಭಾಗದಿಂದ ತೆಗೆದರೆ ಏನೂ ಸಿಗದೆ ಮೋಸ ಹೋಗಬಹುದು ಅಂತೆ.

ರಿಪೋರ್ಟ್ ಬರುವ ತನಕ ದೊಡ್ಡಪ್ಪ ನಮ್ಮ ಮನೆಯಲ್ಲೇ ಇದ್ದರು. ಆ ದಿನಗಳ ಬಗ್ಗೆ ಬರೆಯುವುದಕ್ಕೇನೂ ಇಲ್ಲ. ಟಿವಿ ನೋಡಿದರು.

ಕಲೆ ಯಾಕೆ ಕ್ಯಾನ್ಸರ್ ಆಗುತ್ತದೆ

ರಿಪೋರ್ಟಿನಲ್ಲಿ ಇದ್ದದ್ದು ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಚರ್ಮದ ಮೇಲ್ಪದರದ ಜೀವಕಣಗಳಲ್ಲಿ ಹುಟ್ಟುವ ಕ್ಯಾನ್ಸರ್. ಹಳೇ ಸುಟ್ಟ ಕಲೆಯಲ್ಲಿ ಅಥವಾ ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿ ಅದು ಹುಟ್ಟಿದರೆ ಮಾರ್ಜೋಲಿನ್ ಅಲ್ಸರ್ ಅಂತ ಕರೆಯುತ್ತಾರೆ. 1828ರಲ್ಲಿ ಫ್ರಾನ್ಸಿನ ಸರ್ಜನ್ ಮಾರ್ಜೋಲಿನ್ ಕಲೆಯಲ್ಲಿ ಏಳುವ ಇಂಥ ಹುಣ್ಣುಗಳ ಬಗ್ಗೆ ಬರೆದಿದ್ದರು. ತಮಾಷೆ ಅಂದರೆ ಅದು ಕ್ಯಾನ್ಸರ್ ಅಂತ ಅವರು ಗುರುತಿಸಿರಲಿಲ್ಲ, ಹೆಸರು ಮಾತ್ರ ಅವರದೇ ಉಳಿಯಿತು. ಅವರಿಗೇ ಗೊತ್ತಾಗಲಿಲ್ಲ ಅಂದಮೇಲೆ ನನಗೆಲ್ಲಿಂದ ಗೊತ್ತಾಗಬೇಕು ಅಂತ ನಾನು ಸಮಾಧಾನ ಮಾಡಿಕೊಳ್ಳಲು ನೋಡಿದ್ದುಂಟು. ಆಗಲಿಲ್ಲ. ಅವರು ಕಾಲನ್ನಾದರೂ ನೋಡಿದ್ದರು.

ಡಾಕ್ಟರ್ ದೊಡ್ಡಪ್ಪನಿಗೆ ಅರ್ಥ ಮಾಡಿಸಿದ ರೀತಿ ನನಗೆ ಇಷ್ಟವಾಯಿತು. "ಗೌಡ್ರೇ, ತೋಟದ ಒಂದು ಮೂಲೆಯಲ್ಲಿ ಮಣ್ಣು ಗಟ್ಟಿಯಾಗಿದೆ, ನೀರು ಹೋಗಲ್ಲ, ಕಾವಲುಗಾರನೂ ಹೋಗಲ್ಲ ಅಂದ್ಕೊಳಿ. ಸುಟ್ಟ ಕಲೆ ಅಂಥ ಜಾಗ." ಕಲೆಯಲ್ಲಿ ರಕ್ತದ ಓಡಾಟ ಕಮ್ಮಿ. ಕೆಟ್ಟ ಕಣಗಳನ್ನು ಹುಡುಕಿ ಕೊಲ್ಲುವ ಬಿಳಿ ರಕ್ತಕಣಗಳಿಗೆ ಅಲ್ಲಿಗೆ ಹೋಗುವ ದಾರಿಯೇ ಹಾಳಾಗಿರುತ್ತದೆ. ಅಂಥ ಕಡೆ ಚರ್ಮ ಒಡೆಯುತ್ತದೆ, ಕಣಗಳು ಗಡಿಬಿಡಿಯಲ್ಲಿ ಹೆಚ್ಚಿ ಮುಚ್ಚುತ್ತವೆ, ಮತ್ತೆ ಒಡೆಯುತ್ತದೆ, ಮತ್ತೆ ಮುಚ್ಚುತ್ತದೆ. ಪ್ರತಿ ಸಲ ಕಣ ಎರಡಾಗುವಾಗಲೂ ಸಣ್ಣ ತಪ್ಪಾಗುವ ಅವಕಾಶ ಇದ್ದೇ ಇರುತ್ತದೆ. ಮೂವತ್ತು ವರ್ಷ ಇದೇ ನಡೆದರೆ ಯಾವುದೋ ಒಂದು ಕಣ ನಿಲ್ಲುವುದನ್ನೇ ಮರೆತುಬಿಡುತ್ತದೆ. ಸುಟ್ಟು ಮೂವತ್ತು ವರ್ಷದ ಸುಮಾರಿಗೆ ಇದು ಕಾಣಿಸಿಕೊಳ್ಳುವುದು ಸಾಮಾನ್ಯವಂತೆ. ದೊಡ್ಡಪ್ಪನದು ಲೆಕ್ಕ ಹಾಕಿದ ಹಾಗೆ 34ನೇ ವರ್ಷ.

ಇದನ್ನು ಓದಿ ಮೈಮೇಲೆ ಸುಟ್ಟ ಕಲೆ ಇರುವವರೆಲ್ಲ ಗಾಬರಿಯಾಗಬೇಡಿ. ನೂರು ಕಲೆಗಳಲ್ಲಿ ಒಂದೆರಡು ಮಾತ್ರ ಹೀಗಾಗುತ್ತವೆ. ಬೇಗ ಮಾಯ್ದ ಗಾಯದ ಮೆತ್ತನೆ ಕಲೆಗೆ ಭಯ ಕಮ್ಮಿ. ತಿಂಗಳುಗಟ್ಟಲೆ ಹಸಿಯಾಗಿದ್ದು ತಾನಾಗಿ ಎಳೆದುಕೊಂಡು ಮಾಯ್ದದ್ದು, ಕೀಲಿನ ಹತ್ತಿರ ಅಥವಾ ಮೊಣಕಾಲಿನ ಕೆಳಗೆ ಇರುವುದು, ಪದೇ ಪದೇ ಒಡೆಯುವುದು, ಇಂಥವುಗಳ ಮೇಲೆ ಕಣ್ಣಿರಬೇಕು. ಆದರೆ ಹೀಗೆ ಕಲೆಯಲ್ಲಿ ಬಂದ ಕ್ಯಾನ್ಸರ್ ಬಿಸಿಲಿನಿಂದ ಬರುವ ಇದೇ ಜಾತಿಯದ್ದಕ್ಕಿಂತ ಜಾಸ್ತಿ ಮೊಂಡು. ಕಾಲಿನದಾದರೆ ತೊಡೆಸಂದಿನ ಗಂಟುಗಳಿಗೆ ಹೋಗುವ ಸಾಧ್ಯತೆಯೂ ಜಾಸ್ತಿ.

ಸಂಬಂಧಿಕರಲ್ಲಿ ಒಬ್ಬರು ಕೇಳಿಯೇಬಿಟ್ಟರು: "ಅಡಿಕೆಯಿಂದ ಕ್ಯಾನ್ಸರ್ ಬರ್ತದೆ ಅಂತಾರಲ್ಲ, ಅದು ಇದೇನಾ?" ಅಲ್ಲ. ಅಡಿಕೆ ಜಗಿಯುವುದರಿಂದ ಬರುವುದು ಬಾಯಿಯ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ, ಅದರ ಜಗಳ ನಮ್ಮ ಕಡೆ ಇನ್ನೂ ಮುಗಿದಿಲ್ಲ. ದೊಡ್ಡಪ್ಪನ ಕಾಲಿಗೆ ಬಿದ್ದದ್ದು ಕುದಿಯುವ ಎಣ್ಣೆಯಾಗಿದ್ದರೂ ಕಥೆ ಇದೇ ಆಗುತ್ತಿತ್ತು.

ಇಂಟರ್ನೆಟ್ಟಿನ ಕ್ಯಾನ್ಸರ್, ನಮ್ಮ ಕ್ಯಾನ್ಸರ್

ರಿಪೋರ್ಟ್ ಬಂದ ರಾತ್ರಿ ನಾನು ಮೊಬೈಲಿನಲ್ಲಿ ಹುಡುಕಿದ್ದೇ ಹುಡುಕಿದ್ದು. ಸಿಕ್ಕಿದ್ದೆಲ್ಲ ಬಿಳಿ ಚರ್ಮದವರ ಬೆನ್ನಿನ ಮಚ್ಚೆ, ಸಮುದ್ರ ತೀರ, ಸನ್‌ಸ್ಕ್ರೀನ್. ಮಚ್ಚೆ ಎರಡೂ ಬದಿ ಸಮ ಇದೆಯಾ, ಅಂಚು ಚಿಂದಿಯಾಗಿದೆಯಾ, ಬಣ್ಣ ಎರಡು ಮೂರಿದೆಯಾ, 6 ಮಿಲಿಮೀಟರಿಗಿಂತ ದೊಡ್ಡದಾ, ಬದಲಾಗುತ್ತಿದೆಯಾ ಅಂತ ನೋಡಬೇಕಂತೆ. ಒಳ್ಳೆಯ ನಿಯಮವೇ. ಅದು ಮೆಲನೋಮ ಅನ್ನುವ ಜಾತಿಗೆ. ದೊಡ್ಡಪ್ಪನ ಕಾಲನ್ನು ಆ ಐದು ಪ್ರಶ್ನೆಯಿಂದ ಅಳೆದಿದ್ದರೆ ಏನೂ ಸಿಗುತ್ತಿರಲಿಲ್ಲ.

ಬಿಸಿಲಿನ ನೇರಳಾತೀತ ಕಿರಣ ಚರ್ಮದ ಕ್ಯಾನ್ಸರಿಗೆ ದೊಡ್ಡ ಕಾರಣ ಅನ್ನುವುದು ನಿಜ. ನಮ್ಮ ಕಂದು ಚರ್ಮದಲ್ಲಿರುವ ಮೆಲನಿನ್ ಆ ಕಿರಣವನ್ನು ಸಾಕಷ್ಟು ತಡೆಯುತ್ತದೆ, ಅದಕ್ಕೇ ನಮ್ಮಲ್ಲಿ ಈ ಕಾಯಿಲೆ ಕಮ್ಮಿ. ಕಮ್ಮಿ ಅಂದರೆ ಇಲ್ಲ ಅಂತಲ್ಲ. ನಮ್ಮಲ್ಲಿ ಬಂದಾಗ ಅದು ಬಿಸಿಲು ಬೀಳದ ಕಡೆಯೂ ಬರುತ್ತದೆ, ಆದ್ದರಿಂದ ಯಾರೂ ಅನುಮಾನ ಪಡುವುದಿಲ್ಲ. ಮೆಲನೋಮವೇ ತೆಗೆದುಕೊಳ್ಳಿ, ಕಪ್ಪು ಕಂದು ಮೈಬಣ್ಣದವರಲ್ಲಿ ಅದು ಅಂಗಾಲು, ಅಂಗೈ, ಉಗುರಿನ ಕೆಳಗೆ ಕಾಣಿಸಿಕೊಳ್ಳುವುದೇ ಜಾಸ್ತಿ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿ 1981ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡದ್ದು ಕಾಲಿನ ಬೆರಳಿನ ಉಗುರಿನಡಿ ಶುರುವಾದ ಮೆಲನೋಮದಿಂದ. ಬರಿಗಾಲಲ್ಲಿ ತೋಟ ಸುತ್ತುವವರು ಅಂಗಾಲಿನ ಕಪ್ಪು ಚುಕ್ಕಿಯನ್ನು ಮುಳ್ಳು ಮುರಿದದ್ದು ಅಂದುಕೊಳ್ಳುತ್ತಾರೆ, ಆಣಿ ಅಂದುಕೊಳ್ಳುತ್ತಾರೆ, ಬ್ಲೇಡಿನಲ್ಲಿ ಕೆತ್ತುತ್ತಾರೆ. ನನ್ನ ಅಂಗಡಿಗೆ ಆಣಿ ಪಟ್ಟಿ ಕೇಳಿಕೊಂಡು ವಾರಕ್ಕೆ ಇಬ್ಬರು ಮೂವರು ಬರುತ್ತಾರೆ. ಈಗ ನಾನು ಚಪ್ಪಲಿ ಬಿಚ್ಚಿಸುತ್ತೇನೆ. ಕೆಲವರು ಸಿಟ್ಟಾಗುತ್ತಾರೆ.

ಇನ್ನೊಂದು ಜಾತಿ ಬೇಸಲ್ ಸೆಲ್, ವಯಸ್ಸಾದವರ ಮುಖದಲ್ಲಿ, ಮೂಗಿನ ಪಕ್ಕ, ಕಣ್ಣಿನ ರೆಪ್ಪೆಯ ಹತ್ತಿರ ಬರುವುದು. ನಮ್ಮವರಲ್ಲಿ ಅದು ಕಪ್ಪಾಗಿ ಹೊಳೆಯುವುದರಿಂದ ಮಚ್ಚೆ ಅಂತಲೇ ಲೆಕ್ಕ. ಮುಖ ಒರೆಸುವಾಗ ರಕ್ತ ಬರುವುದು, ಹಕ್ಕಳೆ ಉದುರಿ ಮತ್ತೆ ಕಟ್ಟುವುದು ಅದರ ಲಕ್ಷಣ. ನಿಧಾನದ ಕಾಯಿಲೆ, ದೂರಕ್ಕೆ ಹರಡುವುದು ತೀರಾ ಅಪರೂಪ, ಆದರೆ ಬಿಟ್ಟರೆ ಅಲ್ಲಲ್ಲೇ ತಿನ್ನುತ್ತಾ ಹೋಗುತ್ತದೆ.

ಬಿಸಿಲಿಗೆ ನಿಜವಾಗಿ ಹೆದರಬೇಕಾದವರು ಬೇರೆ ಇದ್ದಾರೆ. ಹುಟ್ಟಿನಿಂದಲೇ ಕೂದಲು, ರೆಪ್ಪೆ, ಮೈ ಎಲ್ಲಾ ಬೆಳ್ಳಗಿರುವ ಆಲ್ಬಿನಿಸಂ ಇರುವವರು. ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರು. ಇವರಿಗೆ ತುಂಬು ತೋಳು, ಅಗಲ ಟೋಪಿ, ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನ್ ಶೋಕಿಯಲ್ಲ. ಉಳಿದಂತೆ ನನ್ನ ಅಂಗಡಿಯಲ್ಲಿ ಸನ್‌ಸ್ಕ್ರೀನ್ ಕೇಳುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಕೇಳುವುದು "ಬೆಳ್ಳಗಾಗ್ತೀವಾ?" ಅಂತ.

ಬಿಸಿಲಲ್ಲ, ರೂಢಿಯೇ ಕಾರಣವಾಗುವುದು ನಮ್ಮ ದೇಶದಲ್ಲಿ ಹೊಸತೇನಲ್ಲ. ಕಾಶ್ಮೀರದಲ್ಲಿ ಚಳಿಗೆ ಕಾಂಗ್ರಿ ಅನ್ನುವ ಕೆಂಡದ ಮಡಕೆಯನ್ನು ನಿಲುವಂಗಿಯೊಳಗೆ ಇಟ್ಟುಕೊಳ್ಳುತ್ತಾರೆ, ಅದರ ಶಾಖಕ್ಕೆ ಹೊಟ್ಟೆ, ತೊಡೆಯಲ್ಲಿ ಬರುವ ಕ್ಯಾನ್ಸರಿಗೆ ಕಾಂಗ್ರಿ ಕ್ಯಾನ್ಸರ್ ಅಂತಲೇ ಹೆಸರು. ಮುಂಬೈಯ ಕ್ಯಾನ್ಸರ್ ಸಂಶೋಧಕರಾದ ವಿ. ಆರ್. ಖಾನೋಲ್ಕರ್ ಮತ್ತು ಸೂರ್ಯಾಬಾಯಿ 1945ರಲ್ಲಿ ಸೊಂಟದಲ್ಲಿ ಧೋತಿ ಬಿಗಿದ ಜಾಗದಲ್ಲೇ ಹುಟ್ಟುವ ಕ್ಯಾನ್ಸರ್ ಬಗ್ಗೆ ಬರೆದಿದ್ದರು. ಲಂಗದ ಲಾಡಿ ಬಿಗಿದಲ್ಲೂ ಅದೇ ಆಗಬಹುದು, ಅಪರೂಪಕ್ಕೆ. ಇದನ್ನು ಹೇಳಿದ ದಿನ ದೊಡ್ಡಮ್ಮ ಒಳಗೆ ಹೋಗಿ ನನ್ನ ಹೆಂಡತಿಗೆ ಸೊಂಟ ತೋರಿಸಿದರಂತೆ, ನಲವತ್ತು ವರ್ಷದ ಲಾಡಿಯ ಕಪ್ಪು ಗೆರೆ, ಅಲ್ಲಲ್ಲಿ ಸಿಪ್ಪೆ ಎದ್ದು ತುರಿಕೆ. ಹುಣ್ಣಿರಲಿಲ್ಲ. ಈಗ ಅಗಲ ಪಟ್ಟಿಯ ಲಂಗ ಹೊಲಿಸಿಕೊಂಡಿದ್ದಾರೆ, ದಿನಾ ಒಂದೇ ಗೆರೆಯಲ್ಲಿ ಕಟ್ಟುವುದನ್ನು ಬಿಟ್ಟಿದ್ದಾರೆ.

ಆಪರೇಷನ್

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ, ಆಗುಂಬೆ ಘಾಟಿ ಇಳಿದು ಮಣಿಪಾಲದ ಕಡೆಗೋ ಅಂತ ಎರಡು ದಿನ ಚರ್ಚೆ ಆಯಿತು. ಘಾಟಿ ಇಳಿಯುವುದೇ ಹತ್ತಿರ ಅಂತ ತೀರ್ಮಾನ. ರೇಷನ್ ಕಾರ್ಡ್ ಬಿಪಿಎಲ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿಟ್ಟುಕೊಳ್ಳಿ. ದೊಡ್ಡಪ್ಪನದು ಎಪಿಎಲ್, ಜಾಸ್ತಿ ಪಾಲು ಕೈಯಿಂದಲೇ ಹೋಯಿತು.

ಎಕ್ಸ್‌ರೇಯಲ್ಲಿ ಎಲುಬಿಗೆ ಇಳಿದಿರಲಿಲ್ಲ. ಇಳಿದಿದ್ದರೆ ಕಾಲು ತೆಗೆಯುವ ಮಾತು ಬರುತ್ತಿತ್ತು, ಅಲ್ಲಿನ ಸರ್ಜನ್ ಅದನ್ನು ಮುಚ್ಚಿಡದೆ ಮುಖಕ್ಕೇ ಹೇಳಿದರು. ತೊಡೆಸಂದಿನ ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿದ್ದರಲ್ಲಿ ಬರೀ ಕೀವಿನ ಊತ. ಆ ಒಂದು ರಿಪೋರ್ಟಿಗೆ ದೊಡ್ಡಮ್ಮ ಶೃಂಗೇರಿಗೆ ಹರಕೆ ಹೊತ್ತಿದ್ದರು.

ಹುಣ್ಣಿನ ಅಂಚಿಂದ ಸುತ್ತಲೂ 2 ಸೆಂಟಿಮೀಟರ್ ಒಳ್ಳೆಯ ಚರ್ಮವನ್ನೂ ಸೇರಿಸಿ, ಆಳದಲ್ಲಿ ಮಾಂಸಖಂಡದ ಮೇಲಿನ ಪೊರೆಯವರೆಗೆ ತೆಗೆದರು. ಒಳ್ಳೆಯದನ್ನು ಯಾಕೆ ತೆಗೆಯುವುದು ಅಂತ ದೊಡ್ಡಪ್ಪ ಕೇಳಿದ್ದಕ್ಕೆ, ಕಣ್ಣಿಗೆ ಕಾಣದ ಬೇರು ಉಳಿಯಬಾರದು ಅಂದರು. ಎಡತೊಡೆಯಿಂದ ತೆಳ್ಳಗೆ ಚರ್ಮ ಹೆರೆದು ತೆಗೆದು ಅಲ್ಲಿ ಕೂರಿಸಿದರು. ಮಜಾ ಅಂದರೆ ಆಪರೇಷನ್ ಆದ ಕಾಲಿಗಿಂತ ಚರ್ಮ ಕೊಟ್ಟ ತೊಡೆಯೇ ಜಾಸ್ತಿ ಉರಿಯುತ್ತದೆ. "ಕಳ್ಳನ್ನ ಬಿಟ್ಟು ಸಾಲ ಕೊಟ್ಟವನಿಗೆ ಹೊಡೆದ ಹಾಗಾಯ್ತು" ಅಂತ ದೊಡ್ಡಪ್ಪ ನರ್ಸಮ್ಮನಿಗೆ ಹೇಳಿ ನಗಿಸಿದರು. ಐದನೇ ದಿನ ಕಟ್ಟು ಬಿಚ್ಚಿದಾಗ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಹಿಡಿದುಕೊಂಡಿತ್ತು. ತೆಗೆದ ಭಾಗದ ಅಂಚೆಲ್ಲ ಶುದ್ಧ ಅಂತ ರಿಪೋರ್ಟ್ ಬಂತು. ಕೀಮೋ ಬೇಕಾಗಲಿಲ್ಲ, ರೇಡಿಯೇಷನ್ನೂ ಬೇಕಾಗಲಿಲ್ಲ. ಮೂರು ತಿಂಗಳಿಗೊಮ್ಮೆ ಕಾಲು, ತೊಡೆಸಂದು ತೋರಿಸಿ ಬರಬೇಕು.

ಎಲ್ಲೆಲ್ಲಿ ತಡೆಯಬಹುದಿತ್ತು

ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಇದನ್ನೇ ಯೋಚಿಸುತ್ತಿದ್ದೆ.

1988ರ ರಾತ್ರಿ ಇಂಕಿನ ಬದಲು ಹತ್ತಿರದ ಬಾವಿಯ ತಣ್ಣೀರನ್ನು 20 ನಿಮಿಷ ಸುರಿದಿದ್ದರೆ ಸುಡುವುದು ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಐಸ್ ಅಲ್ಲ, ಬರೀ ತಣ್ಣೀರು. ಆಮೇಲೆ ಒಗೆದ ಬಟ್ಟೆ ಮುಚ್ಚಿ ಆಸ್ಪತ್ರೆ. ಮೂರು ವಾರದಲ್ಲಿ ಮಾಯುವ ಲಕ್ಷಣ ಕಾಣದ ಸುಟ್ಟ ಗಾಯಕ್ಕೆ ಚರ್ಮ ಕಸಿ ಮಾಡಿಸಬೇಕು. ಅವತ್ತು ಮಾಡಿಸಿದ್ದರೆ 2023ರಲ್ಲಿ ಮಾಡಿಸುವುದು ಬಹುಶಃ ತಪ್ಪುತ್ತಿತ್ತು. ಮಧ್ಯದ ಮೂವತ್ತು ವರ್ಷ ಆ ಕಲೆಗೆ ದಿನಾ ಒಂದಿಷ್ಟು ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿ ಮೆತ್ತಗಿಟ್ಟು, ಗಂಬೂಟಿನೊಳಗೆ ದಪ್ಪ ಕಾಲುಚೀಲ ಹಾಕಿದ್ದರೆ ಅಷ್ಟು ಸಲ ಒಡೆಯುತ್ತಿರಲಿಲ್ಲ.

ಇವೆಲ್ಲ ಗೊತ್ತಿಲ್ಲದೆ ಆದದ್ದು, ಯಾರನ್ನೂ ಬೈಯುವ ಹಾಗಿಲ್ಲ. ಕೊನೆಯ ಏಳು ತಿಂಗಳು ಹಾಗಲ್ಲ. ಹಳೇ ಕಲೆಯಲ್ಲಿ ಎದ್ದ ಹುಣ್ಣು ಒಂದೂವರೆ ಎರಡು ತಿಂಗಳಲ್ಲಿ ಮಾಯದಿದ್ದರೆ ಮುಲಾಮು ಬದಲಾಯಿಸುವುದಲ್ಲ, ತುಂಡು ತೆಗೆಸುವುದು. ಸೆಪ್ಟೆಂಬರ್‌ನಲ್ಲೇ ತೋರಿಸಿದ್ದರೆ ಹುಣ್ಣು ಎಂಟಾಣೆ ಅಗಲ ಇರುತ್ತಿತ್ತು. ನನ್ನ ಬಿಲ್ ಪುಸ್ತಕ ತೆಗೆದು ನೋಡಿದೆ: ಆ ಏಳು ತಿಂಗಳಲ್ಲಿ 19 ಟ್ಯೂಬ್. ಒಂದೇ ಮನೆಗೆ, ಒಂದೇ ಗಾಯಕ್ಕೆ. ಬೇರೆ ಯಾರಾದರೂ ಗಿರಾಕಿ ಹಾಗೆ ಒಯ್ದಿದ್ದರೆ ಮೂರನೆಯ ಸಲವೇ ಕೇಳುತ್ತಿದ್ದೆನೇನೋ. ಈಗ ಎರಡನೇ ಟ್ಯೂಬಿಗೆ ಬಂದವರಿಗೆ ಗಾಯ ತೋರಿಸಿ ಅನ್ನುತ್ತೇನೆ. ವ್ಯಾಪಾರ ಸ್ವಲ್ಪ ಕಮ್ಮಿಯಾಗಿದೆ, ಪಕ್ಕದ ರಸ್ತೆಯ ಅಂಗಡಿಯವನಿಗೆ ಜಾಸ್ತಿಯಾಗಿದೆ.

ಇನ್ನೊಂದು ಬದಿ ಹಿಡಿದವರು

2023ರ ಕೊಯ್ಲು ಶುರುವಾಗುವ ಹೊತ್ತಿಗೆ ದೊಡ್ಡಪ್ಪನಿಗೆ ಒಂದು ಯೋಚನೆ ಹತ್ತಿಕೊಂಡಿತು. ಹಂಡೆಯ ಇನ್ನೊಂದು ಬದಿ ಹಿಡಿದಿದ್ದವರ ಕೈ ಏನಾಯಿತು? ಅವರು ಆ ಕೆಲಸ ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು, ಆಗುಂಬೆ ಹತ್ತಿರ ಮಗಳ ಮನೆಯಲ್ಲಿದ್ದಾರೆ ಅಂತ ಗೊತ್ತಿತ್ತು. ಒಂದು ಭಾನುವಾರ ನನ್ನನ್ನು ಕರೆದುಕೊಂಡೇ ಹೊರಟರು.

ಅವರು ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಾ ಕೂತಿದ್ದರು. ಮಾತು ಕಥೆ, ಕಾಫಿ ಎಲ್ಲಾ ಆದಮೇಲೆ ದೊಡ್ಡಪ್ಪ ಪಂಚೆ ಎತ್ತಿ ಕಾಲು ತೋರಿಸಿದರು, "ನಿಂದು ತೋರ್ಸು ನೋಡಣ" ಅಂದರು. ಎಡ ಮುಂಗೈ ಮೇಲೆ ಅದೇ ಹೊಳೆಯುವ ಕಲೆ. ಅಂಚಿನಲ್ಲಿ ನಾಲ್ಕು ಬೆಂಕಿಕಡ್ಡಿ ತಲೆ ಸೇರಿಸಿದಷ್ಟು ದೊಡ್ಡ ಒಂದು ಹುಣ್ಣು. "ಇದಾ? ನವರಾತ್ರಿಯಿಂದ ಐತೆ. ಬುಟ್ಟಿ ಸೀಳು ತಾಗಿದ್ದು. ಅರಿಶಿನ ಹಚ್ತಾ ಇದೀನಿ."

ನವರಾತ್ರಿಯಿಂದ ಅಂದರೆ ಎರಡು ತಿಂಗಳು. ನಾನು ಬಾಯಿ ಬಿಡುವ ಮೊದಲೇ ದೊಡ್ಡಪ್ಪ ಅವರ ಮಗಳ ಹತ್ತಿರ ಆಧಾರ್ ಕಾರ್ಡ್, ರೇಷನ್ ಕಾರ್ಡ್ ಎಲ್ಲಿದೆ ಅಂತ ವಿಚಾರಿಸುತ್ತಿದ್ದರು. ಅದೇ ಚರ್ಮದ ಡಾಕ್ಟರ್, ಹಾಗೇ ಅಂಚಿನಿಂದ ತುಂಡು. ಈ ಸಲ ಕತ್ತಿ ತಾಗಿಸಿದರೆ ಹರಡುತ್ತದೆ ಅಂತ ಅವರ ಕಡೆಯವರು ಯಾರೋ ಅಂದದ್ದಕ್ಕೆ ದೊಡ್ಡಪ್ಪನೇ ಉತ್ತರ ಕೊಟ್ಟರು, ಪಂಚೆ ಎತ್ತಿ.

ರಿಪೋರ್ಟಿನಲ್ಲಿ ಕ್ಯಾನ್ಸರ್ ಇರಲಿಲ್ಲ. ಬರೀ ಹುಣ್ಣು. ಅರಿಶಿನ ಬಿಡಿಸಿ, ಬುಟ್ಟಿ ಕೆಲಸ ನಿಲ್ಲಿಸಿ, ಶುದ್ಧವಾಗಿ ಕಟ್ಟು ಕಟ್ಟಿದ್ದಕ್ಕೆ ಮೂರು ವಾರದಲ್ಲಿ ಮಾಯಿತು. ಸುದ್ದಿ ಹೇಳಲು ನಾನು ಫೋನ್ ಮಾಡಿದರೆ ದೊಡ್ಡಪ್ಪನಿಗೆ ಆಗಲೇ ಗೊತ್ತಾಗಿತ್ತು.

"ನೋಡು ಮಾರಾಯ, ಅವನದು ಮೂರೇ ವಾರ. ನಂಗೆ ನೀನು ಹತ್ತೊಂಬತ್ತು ಟ್ಯೂಬು ಕಳ್ಸಿದೆ" ಅಂದರು. ಆಮೇಲೆ ತಡೆದು, "ದುಡ್ಡು ಕೊಟ್ಟಿದೀನಾ ಅದರದ್ದು?"